ಖಾಲಿ ಕೋಣೆಯ ಸದ್ದು

"ಶ್! ಬಾಯಿ ಮುಚ್ಚು! ಹೊರಗೆ ಜನ ಕೂತಿದ್ದಾರೆ, ಕೇಳಿಸತ್ತೆ!"

ಅಡುಗೆಮನೆಯಿಂದ ಬಂದದ್ದು ಅಮ್ಮನ ದನಿ. ಪಿಸುಮಾತೇ ಆದರೂ ಕೇಳಿದವರ ಎದೆ ಧಸಕ್ಕೆನ್ನಬೇಕು, ಹಾಗಿತ್ತು. "ಇನ್ನೂ ಎಷ್ಟು ದಿನ ಹೀಗೆ ಮೂಗೊರೆಸಿಕೊಂಡು ಕೂರ್ತೀಯ? ಆಸ್ಪತ್ರೇಲಿ ಹುಟ್ಟಿತು, ಆಸ್ಪತ್ರೇಲೇ ಹೋಯ್ತು. ಮನೆ ಹೊಸಿಲು ಕೂಡ ತುಳೀಲಿಲ್ಲ, ಒಂದು ಹೆಸರೂ ಇಟ್ಟಿರಲಿಲ್ಲ. ಅದಕ್ಕೆ ಇಷ್ಟೊಂದು ಅಳುವೇ? ನನ್ನ ಮಗ ಮೊದಲನೇ ಸಿನಿಮಾ ತೆಗೀತಿದ್ದಾನೆ. ಒಳ್ಳೇ ಕೆಲಸ ನಡೆಯೋ ಮನೇಲಿ ಕಣ್ಣೀರು ಹಾಕಿ ಎಲ್ಲ ಹಾಳು ಮಾಡಬೇಡ. ನಡಿ, ಹೊರಗಿನವರಿಗೆಲ್ಲ ಟೀ ಕೊಡು!"

ಸೆರಗಿನಲ್ಲಿ ಮುಖ ಒರೆಸಿಕೊಂಡು ಅತ್ತಿಗೆ ಟೀ ತಟ್ಟೆ ಹಿಡಿದು ಹೊರಬಂದಳು. ತಟ್ಟೆಯ ಮೇಲೆ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ನಡುಮನೆಯಲ್ಲಿ ವೈರು ಸುತ್ತುತ್ತಾ ನಿಂತಿದ್ದ ಮೈದುನ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವನಿಗೆ ಎಲ್ಲವೂ ಕೇಳಿಸಿತ್ತು. ಕೇಳಿಸದೆ ಏನು, ಅವನ ಹೆಸರೇ ಕಿವಿ! ಬೀದಿಯ ಕೊನೆಯಲ್ಲಿ ಯಾರ ಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ ಅಂತ ಹಾಸಿಗೆಯಲ್ಲಿ ಮಲಗಿಯೇ ಹೇಳುತ್ತಿದ್ದ ಅಂತ ಚಿಕ್ಕಂದಿನಲ್ಲೇ ಆ ಅಡ್ಡಹೆಸರು ಬಿದ್ದಿತ್ತು. 'ಅತ್ತಿಗೆ, ನಾನು ಕೊಡ್ತೀನಿ ಬಿಡಿ' ಎನ್ನಬೇಕು ಅಂತ ಅವನ ನಾಲಿಗೆ ತುದಿಗೆ ಬಂದಿತ್ತು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅವನು ವೈರು ಸುತ್ತುವುದನ್ನೇ ಮುಂದುವರಿಸಿದ.

ಸಿನಿಮಾ ಕಂಪನಿ ಅಂದ ತಕ್ಷಣ ನೀವು ದೊಡ್ಡ ಗೇಟು, ಸಾಲು ಕಾರು ಅಂತೆಲ್ಲ ಅಂದುಕೊಂಡರೆ ನಾನು ಜವಾಬ್ದಾರನಲ್ಲ! ಆ ಮನೆಯೇ ಆ ಕಂಪನಿ. ಬೀದಿ ಕಡೆಯ ಕೋಣೆ ಆಫೀಸು. ಊಟದ ಮೇಜಿನ ಮೇಲೆ ಬೆಳಿಗ್ಗೆ ತಟ್ಟೆ, ಮಧ್ಯಾಹ್ನ ಎಡಿಟಿಂಗು. ಕತ್ತರಿಸಿದ ಫಿಲಮ್ಮಿನ ತುಂಡುಗಳನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಬಿಡುತ್ತಿದ್ದರು, ಅಂಗಿ ತೆಗೆಯಲು ಹೋದವರ ಕೈಗೆ ನಾಯಕಿ ಸಿಗುತ್ತಿದ್ದಳು. ಕಥೆ, ನಿರ್ದೇಶನ, ಜಗಳ, ಮೂರೂ ಅಣ್ಣನವು. "ಬೇರೆಯವರ ಹಂಗೂ ಬೇಡ, ಬೇರೆಯವರ ಮಾತೂ ಬೇಡ. ನಮ್ಮ ಸಿನಿಮಾ ನಾವೇ ತೆಗೀತೀವಿ" ಅಂತ ಎದೆ ತಟ್ಟಿ ಹೇಳಿ ಇದ್ದ ಕೆಲಸಕ್ಕೂ ಎಳ್ಳುನೀರು ಬಿಟ್ಟು ಬಂದಿದ್ದ. ಶಬ್ದದ ಕೆಲಸ ಕಿವಿಯದು. ಬಂದವರಿಗೆಲ್ಲ ಅಡುಗೆ, ವೇಷಭೂಷಣದ ಹೊಲಿಗೆ, ಮಾತು ಮರೆತ ನಟರಿಗೆ ಮಾತು ಹೇಳಿಕೊಡುವುದು, ಇವೆಲ್ಲ ಅತ್ತಿಗೆಯ ತಲೆಯ ಮೇಲೆ. ಅದಕ್ಕೆ ಯಾವ ಹೆಸರೂ ಇರಲಿಲ್ಲ, ಟೈಟಲಿನಲ್ಲಿ ಜಾಗವೂ ಇರಲಿಲ್ಲ.

ಮನೆಯ ಹಿಂಭಾಗದಲ್ಲಿ ಒಂದು ಸಣ್ಣ ಕೋಣೆಯಿತ್ತು. ಬಸುರಿ ಇದ್ದಾಗ ಅತ್ತಿಗೆ ತಾನೇ ಸ್ಟೂಲು ಹತ್ತಿ ಅದಕ್ಕೆ ತಿಳಿ ಹಳದಿ ಬಣ್ಣ ಬಳಿದಿದ್ದಳು. ತೊಟ್ಟಿಲು ಎಲ್ಲಿಡಬೇಕು, ಕಿಟಕಿಯ ಬಿಸಿಲು ಎಲ್ಲಿ ಬೀಳುತ್ತೆ ಎಂದೆಲ್ಲ ಲೆಕ್ಕ ಹಾಕಿದ್ದಳು. ಅವಳು ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಮೇಲೆ, "ಸುಮ್ಮನೆ ಬಿದ್ದಿರೋ ಕೋಣೆ, ರೆಕಾರ್ಡಿಂಗಿಗೆ ಆಗತ್ತಲ್ಲ" ಎಂದಳು ಅಮ್ಮ. ಅಣ್ಣನಿಗೂ ಅದು ಸರಿ ಅನ್ನಿಸಿತು. ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ. ಸದ್ದು ಒಳಗೂ ಹೊರಗೂ ಹಾಯಬಾರದು ಅಂತ ಮನೆಯ ಹಾಸಿಗೆಗಳನ್ನೆಲ್ಲ ತಂದು ಆ ಹಳದಿ ಗೋಡೆಗೆ ಮೊಳೆ ಹೊಡೆದರು, ಕಿಟಕಿಗೆ ಕಂಬಳಿ ಹೊದಿಸಿದರು, ಮಧ್ಯೆ ಒಂದು ಮೈಕು ನಿಲ್ಲಿಸಿದರು. ಮೊಳೆ ಹೊಡೆದದ್ದು ಕಿವಿಯೇ. ಅಂದಿನಿಂದ ಮನೆಯವರೆಲ್ಲ ಚಾಪೆಯ ಮೇಲೆ ಮಲಗತೊಡಗಿದರು.

ಶಬ್ದದ ಕೆಲಸದವರಿಗೆ ಒಂದು ರೂಢಿ ಇದೆ. ಯಾವುದೇ ಕೋಣೆಯಲ್ಲಿ ಮಾತು ಹಿಡಿಯುವ ಮೊದಲು, ಎಲ್ಲರನ್ನೂ ಹೊರಗೆ ಕಳಿಸಿ, ಆ ಕೋಣೆಯ ಬರಿ ಮೌನವನ್ನು ಸ್ವಲ್ಪ ಹೊತ್ತು ರೆಕಾರ್ಡು ಮಾಡಿಕೊಳ್ಳುತ್ತಾರೆ. ಮಾತು ಮಾತಿನ ನಡುವೆ ಅದನ್ನು ತುಂಬುತ್ತಾರೆ, ಇಲ್ಲದಿದ್ದರೆ ಸಿನಿಮಾದಲ್ಲಿ ಅಲ್ಲಲ್ಲಿ ಕಿವುಡು ಬಡಿದಂತೆ ಆಗುತ್ತದೆ. ಮೌನವೂ ಕೋಣೆಯಿಂದ ಕೋಣೆಗೆ ಬೇರೆ ಅಂತ ಕಿವಿ ಹೇಳುತ್ತಿದ್ದ, ಉಳಿದವರು ನಗುತ್ತಿದ್ದರು. ಅದನ್ನು ಅವನು 'ಖಾಲಿ ಕೋಣೆಯ ಸದ್ದು' ಎಂದು ಕರೆಯುತ್ತಿದ್ದ.

ಟೀ ಕೊಟ್ಟ ಆ ಮಧ್ಯಾಹ್ನ ಅವನು ಮಾಡುತ್ತಿದ್ದದ್ದು ಅದೇ ಕೆಲಸ. ಪಕ್ಕದ ಉಗ್ರಾಣದಲ್ಲಿ ಟೇಪಿನ ಯಂತ್ರ ಇಟ್ಟು, ಬಾಗಿಲ ಕೆಳಗಿಂದ ವೈರು ಎಳೆದು, ತನ್ನ ಉಸಿರು ಕೂಡ ಬೀಳಬಾರದು ಅಂತ ಕೋಣೆಯ ಬಾಗಿಲು ಮುಂದೆ ಮಾಡಿ ಬಂದು, ಹೆಡ್‌ಫೋನು ಹಾಕಿಕೊಂಡು ಕೂತಿದ್ದ. ಟೇಪು ತಿರುಗುತ್ತಿತ್ತು. ಆಗ ಚಿಲಕದ ಸದ್ದು ಕೇಳಿಸಿತು. ಯಾರೋ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅತ್ತಿಗೆ! ಆ ಮನೆಯಲ್ಲಿ ಹೊರಗೆ ಕೇಳಿಸದಂತೆ ಅಳಬಹುದಾದ ಜಾಗ ಅದೊಂದೇ ಇತ್ತಲ್ಲ! ಮೊದಲು ಒಂದು ಹೆಸರು ಕೇಳಿಸಿತು. ಮೆಲ್ಲಗೆ, ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸುವಂತೆ, ಒಂದೇ ಒಂದು ಸಲ. ಆಮೇಲೆ ಅಳು… ಅಯ್ಯೋ, ಅದು ಅಳುವೇ! ಮೈಯೊಳಗಿನಿಂದ ಕರುಳೇ ಕಿತ್ತು ಬರುತ್ತಿದೆಯೇನೋ ಎನ್ನುವಂತೆ, ಉಸಿರು ಸಿಕ್ಕಿ, ನಿಂತು, ಮತ್ತೆ ಬಾಯಿಬಿಟ್ಟು… ಯಾರೂ ಕೇಳುತ್ತಿಲ್ಲ ಎಂದು ಗೊತ್ತಿರುವವರು ಮಾತ್ರ ಹಾಗೆ ಅಳಬಲ್ಲರು.

ಕಿವಿಯ ಕಣ್ಣಲ್ಲಿ ನೀರು ಬಂತು. ಅದು ನಿಜ, ಇಲ್ಲ ಅನ್ನುವುದಿಲ್ಲ. ಎದ್ದು ಹೋಗಿ ಬಾಗಿಲು ತಟ್ಟಬಹುದಿತ್ತು. ಹೋಗಲಿ, ಯಂತ್ರವನ್ನಾದರೂ ನಿಲ್ಲಿಸಬಹುದಿತ್ತು. ಅವನ ಕೈ ಯಂತ್ರದ ಕಡೆ ಹೋಯಿತು ಕೂಡ. ಆದರೆ ಮೀಟರಿನ ಮುಳ್ಳು ಕೆಂಪು ಗೆರೆ ದಾಟುತ್ತಿತ್ತು, ಸದ್ದು ಒಡೆದುಹೋಗುವುದರಲ್ಲಿತ್ತು. ಆ ಕೈ ಗುಂಡಿಯನ್ನು ಹಿಡಿದು ಮೆತ್ತಗೆ, ನಾಜೂಕಾಗಿ, ಒಂದು ಕೂದಲೆಳೆಯಷ್ಟು ತಗ್ಗಿಸಿತು. ಅಳು ಚೆನ್ನಾಗಿ ಬರಲಿ ಅಂತ! ಕಣ್ಣು ಅಳುತ್ತಿದ್ದಾಗ ಕೈ ತನ್ನ ಕೆಲಸ ಮಾಡಿತು. ಆ ಕೈಯನ್ನು ಅವನು ಜನ್ಮದಲ್ಲಿ ಕ್ಷಮಿಸಲಿಲ್ಲ.

ಅದನ್ನು ಅಳಿಸಿಬಿಡೋಣ ಅಂತಲೇ ಇದ್ದ. ಆದರೆ ಸಿನಿಮಾ ಒಂದು ಕಡೆ ಬಂದು ಸಿಕ್ಕಿಹಾಕಿಕೊಂಡಿತು. ಕಥೆಯ ತಾಯಿ ಮಗುವನ್ನು ಕಳೆದುಕೊಂಡು ಒಬ್ಬಳೇ ಕೂತು ಅಳಬೇಕು, ಇಡೀ ಸಿನಿಮಾ ನಿಂತಿದ್ದೇ ಅಲ್ಲಿ. ನಾಯಕಿ ಮುಖದಲ್ಲಿ ಚೆನ್ನಾಗಿ ಅತ್ತಿದ್ದಳು, ಪಾಪ, ದನಿ ಮಾತ್ರ ಶೀತ ಆದವರ ಹಾಗಿತ್ತು. ಡಬ್ಬಿಂಗಿಗೆ ಬಂದವರೆಲ್ಲ ಬಂದರು, ಅತ್ತರು, ಟೀ ಕುಡಿದು ಹೋದರು. ಅಣ್ಣ ತಲೆಗೆ ಕೈ ಹೊತ್ತು ಕೂತ. "ಮುಗೀತು ಕಣೋ… ಈ ದೃಶ್ಯ ಸುಳ್ಳಾದ್ರೆ ಇಡೀ ಸಿನಿಮಾನೇ ಸುಳ್ಳು. ಕಂಪನಿ ಬೋರ್ಡು ಕಿತ್ತು ಒಲೆಗೆ ಹಾಕೋಣ ಬಿಡು" ಎಂದ. ಅಣ್ಣ ಹಾಗೆ ಸೋತು ಕೂತದ್ದನ್ನು ಕಿವಿ ಎಂದೂ ಕಂಡಿರಲಿಲ್ಲ. ಟೇಪಿನ ಮೊದಲಿನಿಂದ ಆ ಹೆಸರಿನವರೆಗಿನ ಭಾಗ ಕತ್ತರಿಸಿ ತೆಗೆದು, ಬರಿ ಅಳುವನ್ನು ದೃಶ್ಯಕ್ಕೆ ಕೂರಿಸಿ, ಅಣ್ಣನನ್ನು ಕರೆದು ತೋರಿಸಿದ.

ಅಣ್ಣ ಎದ್ದು ಬಂದು ತಮ್ಮನನ್ನು ತಬ್ಬಿಕೊಂಡ. "ಯಾರೋ ಇದು? ಎಲ್ಲಿ ಹಿಡಿದೆ ಈ ಕಲಾವಿದೆಯನ್ನ?"

"ಯಾರೋ… ಒಬ್ಬರು" ಎಂದ ಕಿವಿ.

ಅಷ್ಟೇ. ಅಣ್ಣನಿಗೆ ಗುರುತು ಸಿಗಲಿಲ್ಲ! ಕಟ್ಟಿಕೊಂಡ ಹೆಂಡತಿಯ ಅಳು, ಆದರೆ ಅವಳು ಅತ್ತಾಗ ಅವನು ಯಾವತ್ತು ಪಕ್ಕದಲ್ಲಿ ಕೂತಿದ್ದ? ಆಸ್ಪತ್ರೆಯಿಂದ ಸುದ್ದಿ ಬಂದಾಗಲೂ ಶೂಟಿಂಗಿನ ಜಾಗದಿಂದ ಬಂದು ಮುಖ ತೋರಿಸಿ, "ಮುಂದೆ ಆಗತ್ತೆ ಬಿಡು, ಧೈರ್ಯ ತಂದುಕೋ" ಎಂದು ಹೇಳಿ, ಬೆಳಕು ಹೋಗುತ್ತೆ ಅಂತ ಓಡಿದವನು ಅವನು.

ಮೊದಲ ಪ್ರದರ್ಶನದ ದಿನ ಮನೆಯವರೆಲ್ಲ ಮುಂದಿನ ಸಾಲಿನಲ್ಲೇ ಕೂತಿದ್ದರು. ಆ ದೃಶ್ಯ ಬಂತು. ಥಿಯೇಟರು ಉಸಿರು ಬಿಗಿ ಹಿಡಿಯಿತು, ಅಲ್ಲಲ್ಲಿ ಬಿಕ್ಕುವ ಸದ್ದು. ಕಿವಿ ಪರದೆ ನೋಡುತ್ತಿರಲಿಲ್ಲ, ಅತ್ತಿಗೆಯನ್ನು ನೋಡುತ್ತಿದ್ದ. ಅವಳು ಒಮ್ಮೆಲೇ ಕುರ್ಚಿಯ ಕೈ ಹಿಡಿದುಕೊಂಡಳು. ಆಮೇಲೆ ಯಾರಿಗೂ ಏನೂ ಹೇಳದೆ ಎದ್ದು, ಕತ್ತಲಲ್ಲಿ ತಡವರಿಸುತ್ತಾ ಹೊರಗೆ ಹೋದಳು. "ತಲೆನೋವಂತೆ" ಎಂದಳು ಅಮ್ಮ ಆಮೇಲೆ, ಮೂತಿ ತಿರುವಿ. "ಗಂಡನ ಏಳಿಗೆ ನೋಡಿ ಬಂದ ತಲೆನೋವು! ಎಲ್ಲರೂ ಅಳ್ತಿದ್ದಾರೆ, ಇವಳ ಕಣ್ಣಲ್ಲಿ ಒಂದು ಹನಿ ಇಲ್ಲ. ಕಲ್ಲು ಕಣಪ್ಪ, ಕಲ್ಲು!"

ಕಿವಿ ಅಲ್ಲೇ ಇದ್ದ. ತುಟಿ ಪಿಟಕ್ಕೆನ್ನಲಿಲ್ಲ.

ಸಿನಿಮಾ ಓಡಿತು. ನಾಯಕಿಯ ಅಳುವನ್ನು ಪತ್ರಿಕೆಗಳು ಹಾಡಿ ಹೊಗಳಿದವು. ಅಣ್ಣನಿಗೆ ಅದೊಂದು ಹುಚ್ಚೇ ಹಿಡಿಯಿತು. "ನಮ್ಮ ಕಂಪನಿಯನ್ನ ಕೈಹಿಡಿದದ್ದೇ ಆ ಅಳು. ಅದಿಲ್ಲದೆ ಸಿನಿಮಾ ಇಲ್ಲ" ಅಂತ ಪ್ರತಿ ಸಿನಿಮಾದಲ್ಲೂ ಒಂದು ಕಡೆ ಅದನ್ನೇ ಹಾಕಿಸಿದ. ಒಂದರಲ್ಲಿ ವಿಧವೆಗೆ, ಒಂದರಲ್ಲಿ ಮನೆ ಬಿಟ್ಟು ಓಡುವ ಹುಡುಗಿಗೆ… ಕೊನೆಕೊನೆಗೆ ಯಾವುದೋ ತಮಾಷೆ ಸಿನಿಮಾದಲ್ಲಿ ಪಾತ್ರೆ ಒಡೆದುಕೊಂಡು ಗೋಳಿಡುವ ದಪ್ಪ ಹೆಂಗಸಿಗೆ ಅದನ್ನೇ ವೇಗ ಹೆಚ್ಚಿಸಿ ಹಾಕಿದರು. ಜನ ಬಿದ್ದು ಬಿದ್ದು ನಕ್ಕರು! ಆ ದಿನ ಕಿವಿ ಥಿಯೇಟರಿನ ಹಿಂದಿನ ಗೋಡೆಗೆ ಒರಗಿ ವಾಂತಿ ಮಾಡಿಕೊಂಡ. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ಮನೆಗೆ ಬಂದು ಕೈತೊಳೆದು ಊಟಕ್ಕೆ ಕೂತ, ಅತ್ತಿಗೆ ಬಡಿಸಿದಳು.

ಇದಕ್ಕೂ ಮಿಗಿಲಾದದ್ದು ಇನ್ನೊಂದಿದೆ. ಶಬ್ದಕ್ಕೆ ಅಂತ ಅವನಿಗೆ ಒಂದು ಪ್ರಶಸ್ತಿ ಬಂತು. ಹಿತ್ತಾಳೆಯದೊಂದು ಕಿವಿಯಾಕಾರದ ಗೊಂಬೆ. ಅಮ್ಮ ಅದನ್ನು ಆಫೀಸು ಕೋಣೆಯ ಕಪಾಟಿನಲ್ಲಿ ಎದುರಿಗೇ ಇಟ್ಟಳು. ದಿನಾ ಬೆಳಿಗ್ಗೆ ಕಪಾಟು ಒರೆಸುವವಳು ಅತ್ತಿಗೆ. ಅವಳು ಅದನ್ನು ಎತ್ತಿ, ಧೂಳು ಒರೆಸಿ, ಮತ್ತೆ ಇದ್ದ ಜಾಗದಲ್ಲೇ ಇಡುವ ಆ ಸಣ್ಣ ಟಕ್ ಸದ್ದು ಅವನಿಗೆ ತನ್ನ ಕೋಣೆಯವರೆಗೂ ಕೇಳಿಸುತ್ತಿತ್ತು. ಅದು ಆಗುವವರೆಗೆ ಅವನು ಹೊರಗೇ ಬರುತ್ತಿರಲಿಲ್ಲ.

ಅತ್ತಿಗೆ ಆಮೇಲೆ ಕಂಪನಿಯ ಒಂದು ಸಿನಿಮಾವನ್ನೂ ನೋಡಲು ಹೋಗಲಿಲ್ಲ. ಬಂಧುಬಳಗದಲ್ಲಿ ಅವಳಿಗೆ 'ಕಲ್ಲು' ಎನ್ನುವ ಹೆಸರೇ ನಿಂತಿತು. ಕಾಲ ಕಳೆಯಿತು, ಒಬ್ಬ ಮಗಳು ಹುಟ್ಟಿದಳು, ಅಮ್ಮ ತೀರಿಕೊಂಡಳು. ದೊಡ್ಡ ದೊಡ್ಡ ಕಂಪನಿಗಳ ಅಬ್ಬರದಲ್ಲಿ ಇವರ ಸಣ್ಣ ಕಂಪನಿಯನ್ನು ಕೇಳುವವರಿಲ್ಲದಾಯಿತು. ಹಗ್ಗದ ಮೇಲೆ ಬರಿ ಬಟ್ಟೆ ಒಣಗತೊಡಗಿತು. ಅಣ್ಣ ಬಿದ್ದು ಸೊಂಟ ಮುರಿದುಕೊಂಡು ಕೋಲು ಹಿಡಿದ. ಕಿವಿಗೆ ಮದುವೆಯಾಗಲಿಲ್ಲ. ಕೇಳಿದವರಿಗೆ, "ನನ್ನ ಜೊತೆ ಯಾರು ಬಾಳ್ತಾರೆ ಬಿಡಿ" ಎಂದು ನಗುತ್ತಿದ್ದ, ಒಳಗೊಳಗೆ ಅದನ್ನು ನಿಜವಾಗಿಯೂ ನಂಬಿದ್ದ.

ಆದರೆ ಮಗಳು ಛಲದವಳು. ಕಂಪನಿಯ ಹಳೆಯ ಸಿನಿಮಾಗಳನ್ನು ಡಬ್ಬಗಳಿಂದ ತೆಗೆದು, ಕೊಳೆ ತೊಳೆದು, ಮತ್ತೆ ಥಿಯೇಟರಿನಲ್ಲಿ ತೋರಿಸಬೇಕು ಅಂತ ಪಟ್ಟು ಹಿಡಿದು ಕೂತಳು. ಒಂದು ಪುಟ್ಟ ಥಿಯೇಟರಿನವರು ಒಪ್ಪಿಯೂ ಬಿಟ್ಟರು. ಅದೇ ಊಟದ ಮೇಜಿನ ಮೇಲೆ ಈಗ ಅವಳ ಕಂಪ್ಯೂಟರು. ಕಿವಿ ಬೇಡ ಬೇಡ ಅಂದ. "ಹಳೇದೆಲ್ಲ ಯಾಕಮ್ಮ ಕೆದಕ್ತೀಯ?" ಅಂದ. ಅವಳು ಕೇಳಬೇಕಲ್ಲ!

ಒಂದು ಬೆಳಿಗ್ಗೆ, ಅಣ್ಣ ಪೇಪರು ಓದುತ್ತಿದ್ದಾನೆ, ಕಿವಿ ಟೀ ಲೋಟ ಹಿಡಿದಿದ್ದಾನೆ, ಮಗಳು ಕಣ್ಣರಳಿಸಿ ಎದ್ದಳು. "ಚಿಕ್ಕಪ್ಪ! ಸಿಕ್ಕಿಬಿದ್ರಿ ನೋಡಿ! ಎಲ್ಲಾ ಸಿನಿಮಾದಲ್ಲೂ ಅಳು ಒಂದೇ! ನಾಯಕಿ ಬೇರೆ ಬೇರೆ, ಅಳು ಮಾತ್ರ ಒಬ್ಬರದೇ. ಯಾರು ಇವರು? ಟೈಟಲಿನಲ್ಲಿ ಹೆಸರೇ ಇಲ್ಲ, ಪಾಪ. ಹುಡುಕಿ ಥಿಯೇಟರಿಗೆ ಕರೆಸೋಣ. ಕೇಳಿ ಒಂದು ಸಲ…"

"ಬೇಡ!" ಕಿವಿ ಚೀರಿದ.

ಅಷ್ಟರಲ್ಲಿ ಅವಳು ಒತ್ತಿಯಾಗಿತ್ತು. ಆ ಅಳು ಅದೇ ಮನೆಯೊಳಗೆ, ಹಾಡಹಗಲಲ್ಲಿ, ಸ್ಪೀಕರಿನಿಂದ ಹೊಮ್ಮಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಕೈಯಲ್ಲಿ ಸೌಟು. ಅಳು ಮುಗಿಯುವವರೆಗೂ ನಿಂತೇ ಇದ್ದಳು.

"ಯಾವಳೋ ಡಬ್ಬಿಂಗಿನವಳು ಇರಬೇಕು. ಬಂಗಾರದಂಥ ಗಂಟಲು. ಅಲ್ಲವೇನೋ?" ಎಂದ ಅಣ್ಣ, ಪೇಪರಿನಿಂದ ತಲೆ ಎತ್ತದೆ.

"ನಂದು" ಎಂದಳು ಅತ್ತಿಗೆ.

ಅಣ್ಣನ ಕೈಯಿಂದ ಪೇಪರು ಜಾರಿತು.

"ನಂದು ರೀ ಅದು. ನಮ್ಮ ಮೊದಲನೇ ಮಗು ಹೋದಾಗ, ಆ ಹಿಂದಿನ ಕೋಣೇಲಿ ಕೂತು ಅತ್ತಿದ್ದು. ನಿಮಗೆ ಗೊತ್ತಾಗಲಿಲ್ಲ. ಪರವಾಗಿಲ್ಲ, ನೀವು ಕೇಳಿರಲಿಲ್ಲ. ಆದರೆ ಇವನು ಕೇಳಿದ್ದ."

"ಅತ್ತಿಗೆ…" ಕಿವಿ ಎದ್ದು ಬಂದು ಅವಳ ಕಾಲ ಬಳಿ ಕೂತ. "ಅತ್ತಿಗೆ, ನಾನು ಬೇಕೂಂತ ಹಿಡೀಲಿಲ್ಲ… ಯಂತ್ರ ಮೊದಲೇ ಓಡ್ತಾ ಇತ್ತು… ಆಮೇಲೆ ನಿಲ್ಲಿಸಲಿಲ್ಲ. ನಾನು… ನಾನು ಸದ್ದು ಸರಿ ಮಾಡಿದೆ ಅತ್ತಿಗೆ! ನೀವು ಒಳಗೆ ಹಾಗೆ ಅಳ್ತಿದ್ರೆ ನಾನು ಗುಂಡಿ ತಿರುಗಿಸ್ತಾ ಕೂತಿದ್ದೆ! ನನಗೆ ಉಗೀರಿ, ಹೊಡೀರಿ, ಏನಾದ್ರೂ ಮಾಡಿ…"

"ಹೊಡೆದು ಏನು ಮಾಡಲಿ?" ಅತ್ತಿಗೆಯ ದನಿ ಏರಲಿಲ್ಲ. "ಮೊದಲನೇ ದಿನ ಥಿಯೇಟರಲ್ಲೇ ನನಗೆ ಗೊತ್ತಾಯ್ತು. ನನ್ನ ಉಸಿರು ನನಗೆ ಗೊತ್ತಾಗಲ್ವ? ಹೇಳಿಬಿಡೋಣ ಅಂದ್ಕೊಂಡೆ. ಹೇಳಿದ್ರೆ ಸಿನಿಮಾ ನಿಲ್ಲತ್ತೆ, ಇವರು ಮತ್ತೆ ಏಳಲ್ಲ ಅಂತ ಸುಮ್ಮನಾದೆ. ನೀನೇ ಹೇಳ್ತೀಯ ಅಂತ ಕಾದೆ ಕಣೋ. ದಿನಾ ಬೆಳಿಗ್ಗೆ ಟೀ ಕೊಡುವಾಗ, ಇವತ್ತು ಹೇಳ್ತಾನೆ ಅಂತ ನಿನ್ನ ಮುಖ ನೋಡ್ತಿದ್ದೆ. ನೀನು ಲೋಟ ತೊಗೊಂಡು ತಲೆ ತಗ್ಗಿಸಿ ಹೋಗ್ತಿದ್ದೆ. ಅತ್ತೆ ನನ್ನ ಕಲ್ಲು ಅಂದಾಗಲೂ ನೀನು ಅಲ್ಲೇ ಇದ್ದೆ. ಒಂದು ಮಾತು, ಒಂದೇ ಒಂದು ಮಾತು, 'ಅಮ್ಮಾ, ಹಾಗನ್ನಬೇಡ' ಅಂತ… ಅಳು ಕದ್ದದ್ದಕ್ಕಿಂತ ನನಗೆ ಅದು ಹೆಚ್ಚು ನೋವಾಯ್ತು."

ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅಳುತ್ತಿದ್ದಳು. ಅಣ್ಣ ಕೋಲಿಗಾಗಿ ತಡಕಾಡಿ, ಸಿಗದೆ, ಮೇಜು ಹಿಡಿದುಕೊಂಡೇ ಎದ್ದು ನಿಂತ. ಅವನ ಮುಖ ಒಂದೇ ಗಳಿಗೆಯಲ್ಲಿ ಮುದುಕನ ಮುಖವಾಗಿತ್ತು.

"ಆ ಅಳುವಿಗೆ ಮುಂಚೆ ನಾನು ಒಂದು ಹೆಸರು ಕರೆದಿದ್ದೆ" ಎಂದಳು ಅತ್ತಿಗೆ. "ಸಿನಿಮಾದಲ್ಲಿ ಅದು ಇಲ್ಲ. ಏನು ಮಾಡಿದೆ ಅದನ್ನ?"

"ಇದೆ ಅತ್ತಿಗೆ. ಕತ್ತರಿಸಿದ ಟೇಪು ನನ್ನ ಪೆಟ್ಟಿಗೆಯಲ್ಲೇ ಇದೆ. ಬಿಸಾಕೋಕೆ ಕೈ ಬರಲಿಲ್ಲ."

"ಹೆಸರು…?" ಎಂದ ಅಣ್ಣ. "ಮಗೂಗೆ… ಹೆಸರಿಟ್ಟಿದ್ಯಾ? ನನಗೆ ಹೇಳಲೇ ಇಲ್ಲ…"

"ಹೇಳೋಕೆ ನೀವು ಎಲ್ಲಿದ್ರಿ?" ಎಂದಳು ಅತ್ತಿಗೆ. ಕಿವಿಯ ಕಡೆ ತಿರುಗಿದಳು. "ನೀನು ಹೇಳು. ನನ್ನ ಬಿಟ್ರೆ ಅದನ್ನ ಕೇಳಿದವನು ನೀನೊಬ್ಬನೇ. ಇವರಿಗೆ ಹೇಳು."

ಕಿವಿ ಹೇಳಿದ. ಇಷ್ಟು ವರ್ಷ ಎದೆಯಲ್ಲಿ ಮುಳ್ಳಿನಂತೆ ಇಟ್ಟುಕೊಂಡಿದ್ದ ಆ ಪುಟ್ಟ ಹೆಸರನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ. ಅದನ್ನು ಇಲ್ಲಿ ಬರೆದು ಇನ್ನೊಂದು ಸಲ ಕದಿಯುವುದು ಬೇಡ, ಅದು ಆ ಮನೆಯವರದ್ದು. ಅಣ್ಣ ಅದನ್ನು ತುಟಿಯಲ್ಲೇ ಎರಡು ಮೂರು ಸಲ ಹೇಳಿಕೊಂಡ. ಆಮೇಲೆ ಎಲ್ಲರ ಎದುರಿಗೆ ಹೆಂಡತಿಯ ಮುಂದೆ ಕೈ ಮುಗಿಯಲು ಹೋದ. ಅವಳು ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

"ನನ್ನ ಅಳು ನನಗೆ ವಾಪಸ್ಸು ಕೊಡಿ" ಎಂದಳು. "ಇನ್ನು ಯಾರೂ ಅದನ್ನ ಕೇಳೋದು ಬೇಡ. ನನಗೆ ಬೇಕಾಗಿರೋದು ಅಷ್ಟೇ."

"ಅಮ್ಮಾ, ಮೊದಲನೇ ಸಿನಿಮಾದ ಆ ದೃಶ್ಯದಲ್ಲಿ ಅದು ಬಿಟ್ರೆ ಬೇರೆ ಶಬ್ದಾನೇ ಇಲ್ಲ" ಎಂದಳು ಮಗಳು. "ತೆಗೆದ್ರೆ ಸಿನಿಮಾನೇ ಬಿದ್ದುಹೋಗತ್ತೆ. ಜನ ಬರೋದೇ ಅದಕ್ಕೆ…"

"ಬೀಳಲಿ" ಎಂದ ಅಣ್ಣ. ಜೀವಮಾನವೆಲ್ಲ ಸಿನಿಮಾ ಸಿನಿಮಾ ಅಂತ ಬಡಿದುಕೊಂಡವನ ಬಾಯಿಂದ ಆ ಮಾತು ಬಂತು! "ನನ್ನ ಸಿನಿಮಾ ಬೀಳಲಿ. ತೆಗಿ ಅದನ್ನ."

ತೆಗೆದರು. ಒಂದೊಂದು ಸಿನಿಮಾದಿಂದಲೂ ತೆಗೆದದ್ದು ಕಿವಿಯೇ, ಇನ್ನೊಬ್ಬರ ಕೈ ಸೋಕಲು ಅವನು ಬಿಡಲಿಲ್ಲ. ಆ ಜಾಗಕ್ಕೆ ಏನು ಹಾಕಬೇಕು ಎಂದು ಅವನಿಗೆ ಗೊತ್ತಿತ್ತು. ಪೆಟ್ಟಿಗೆಯ ಟೇಪಿನ ತೀರ ಮೊದಲಿಗೆ, ಚಿಲಕ ಸದ್ದಾಗುವ ಮುಂಚೆ, ಆ ಕೋಣೆಯ ಬರಿ ಮೌನ ಇತ್ತಲ್ಲ, ಅದನ್ನು ಹಾಕಿದ. ಹೆಸರಿದ್ದ ತುಂಡನ್ನು ತಂದು ಅತ್ತಿಗೆಯ ಕೈಗೆ ಕೊಟ್ಟ. ಅವಳು ಅದನ್ನು ತನ್ನ ಸೀರೆಗಳ ನಡುವೆ ಇಟ್ಟುಕೊಂಡಳು. ಕ್ಷಮಿಸಿದೆ ಅನ್ನಲಿಲ್ಲ, ಅವನೂ ಕೇಳಲಿಲ್ಲ. ಮರುದಿನ ಕಪಾಟಿನಲ್ಲಿ ಹಿತ್ತಾಳೆಯ ಗೊಂಬೆ ಇರಲಿಲ್ಲ, ಅದನ್ನು ಅವನೇ ತೆಗೆದುಬಿಟ್ಟಿದ್ದ.

ಮೊದಲನೇ ಸಿನಿಮಾದ ಮರುಪ್ರದರ್ಶನದ ಸಂಜೆ ಅತ್ತಿಗೆ ಹೊಸ ಸೀರೆ ಉಟ್ಟು ತಾನಾಗಿಯೇ ಹೊರಟಳು. ಅಣ್ಣ ಒಂದು ಪಕ್ಕ, ಮಗಳು ಇನ್ನೊಂದು ಪಕ್ಕ. ಕಿವಿ ಹಿಂದಿನ ಸಾಲಿನಲ್ಲಿ, ಅಣ್ಣನ ಬೆನ್ನಿಗೆ. ಹಳೆಯ ಅಭಿಮಾನಿಗಳು ಆ ದೃಶ್ಯಕ್ಕಾಗಿಯೇ ಕರ್ಚೀಫು ಹಿಡಿದು ಕಾದಿದ್ದರು. ದೃಶ್ಯ ಬಂತು. ಪರದೆಯ ಮೇಲೆ ತಾಯಿ ಬಾಯಿ ತೆರೆದಳು… ದನಿ ಇಲ್ಲ. ಗೋಡೆಗೆ ಹಾಸಿಗೆ ಹೊಡೆದ ಒಂದು ಖಾಲಿ ಕೋಣೆಯ ಸದ್ದು ಮಾತ್ರ ಥಿಯೇಟರನ್ನೆಲ್ಲ ತುಂಬಿತು. "ಸೌಂಡು ಕೆಟ್ಟಿದೆ!" ಎಂದು ಯಾರೋ ಕೂಗಿದರು. ಒಬ್ಬರು ಸಿಳ್ಳೆ ಹಾಕಿದರು. ಕಿವಿ ಅತ್ತಿಗೆಯ ಕುರ್ಚಿಯನ್ನೇ ನೋಡುತ್ತಿದ್ದ. ಅವಳು ಏಳಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತೇ ಇದ್ದಳು.

ಆಗ ಆ ಮೌನದೊಳಗೆ ಒಂದು ಅಳು ಎದ್ದಿತು. ಒರಟು, ಮುದಿ ಗಂಟಲಿನದು, ಹದವಿಲ್ಲದ್ದು. ಅಣ್ಣ! ಕೋಲಿನ ಮೇಲೆ ಹಣೆಯಿಟ್ಟು, ಆ ಪುಟ್ಟ ಹೆಸರನ್ನು ಕರೆಯುತ್ತಾ, ಮಕ್ಕಳಂತೆ ಗೊಳೋ ಎಂದು ಅಳುತ್ತಿದ್ದ. ಸಿಳ್ಳೆ ನಿಂತಿತು. ಜನ ಕುರ್ಚಿಯಲ್ಲೇ ತಿರುಗಿ ನೋಡತೊಡಗಿದರು. ಕಿವಿಗೆ ನಾಚಿಕೆಯಾಯಿತು, ಗಾಬರಿಯಾಯಿತು. "ಅಣ್ಣ… ಮೆಲ್ಲಗೆ… ಎಲ್ಲರಿಗೂ ಕೇಳಿಸತ್ತೆ" ಎನ್ನುತ್ತಾ ಅವನನ್ನು ಸುಮ್ಮನಾಗಿಸಲು ಹಿಂದಿನಿಂದ ಕೈ ಚಾಚಿದ. ಮತ್ತೆ ಅದೇ ಕೈ!

ಅತ್ತಿಗೆ ತಿರುಗಿ ನೋಡಲಿಲ್ಲ. ಆ ಕೈಯನ್ನು ಕತ್ತಲಲ್ಲೇ ಹಿಡಿದು, ಅಣ್ಣನ ಹೆಗಲಿನಿಂದ ಮೆಲ್ಲಗೆ ತೆಗೆದಳು.

"ಬಿಡು" ಎಂದಳು. "ಕೇಳಿಸಲಿ."